ವಿಮೆ ಇಲ್ಲದೆ ಸ್ಲೀವ್ ಸರ್ಜರಿ: ಪ್ಯಾಕೇಜ್ ಬಿಟ್ಟು ಇನ್ನೆಷ್ಟು ಬೇಕಾಗುತ್ತದೆ?

ದಾವಣಗೆರೆ_ಟೀಚರ್:
ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಎತ್ತರ 157 ಸೆಂ.ಮೀ., ತೂಕ 94 ಕೆ.ಜಿ., ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 38. ಶುಗರ್‌ಗೆ ಎರಡು ಮಾತ್ರೆ, ಜೊತೆಗೆ ರಾತ್ರಿ ಇನ್ಸುಲಿನ್. ಆದರೂ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 9.4. ಶುಗರ್ ಡಾಕ್ಟರೇ ಸ್ಲೀವ್ (ಜಠರ ಚಿಕ್ಕದು ಮಾಡುವ ಸರ್ಜರಿ) ಮಾಡಿಸಿ ಅಂದಿದ್ದಾರೆ. ಅನ್ನ ಬಿಡಿ, ವಾಕ್ ಮಾಡಿ ಅಂತ ದಯವಿಟ್ಟು ಯಾರೂ ಬರೆಯಬೇಡಿ. ಅದೆಲ್ಲ ಆಗಿದೆ.

ನನ್ನದು ಖಾಸಗಿ ಶಾಲೆ. ಸಂಬಳ 21,000 ದಾಟಿದ ಮೇಲೆ ಇಎಸ್‌ಐ ಇಲ್ಲ. ಯಜಮಾನರದು ಪೈಪು, ನಲ್ಲಿ ಸಾಮಾನಿನ ಅಂಗಡಿ. ಪಾಲಿಸಿ ಮಾಡಿಸೋಣ ಮಾಡಿಸೋಣ ಅಂತಲೇ ವರ್ಷಗಳು ಹೋದವು. ಬೆಂಗಳೂರಿನಲ್ಲಿ 3.6 ಲಕ್ಷ ಪ್ಯಾಕೇಜ್ ಹೇಳಿದ್ದಾರೆ, ಹುಬ್ಬಳ್ಳಿಯಲ್ಲಿ 2.7. ಕೈಯಲ್ಲಿ ಒಂದೂವರೆ ಲಕ್ಷ ಇದೆ. ಉಳಿದದ್ದಕ್ಕೆ ಸರ ಅಡವಿಡಬೇಕು. 90 ಸಾವಿರ ಉಳಿಯುತ್ತದಲ್ವಾ ಅಂತ ಹುಬ್ಬಳ್ಳಿಗೇ ಹೋಗೋಣ ಅನ್ನಿಸುತ್ತಿದೆ. ಕೈಯಿಂದ ಕಟ್ಟಿ ಮಾಡಿಸಿಕೊಂಡವರು ಹೇಳಿ, ಪ್ಯಾಕೇಜ್ ಆಚೆ ಎಷ್ಟು ಆಯ್ತು?

ತುಮಕೂರು_ಲೆಕ್ಕ:
ಮೇಡಂ, ನಾನು 2023ರಲ್ಲಿ ಕೈಯಿಂದಲೇ ಕಟ್ಟಿ ಸ್ಲೀವ್ ಮಾಡಿಸಿದವನು. ಕೆಲಸ ಅಕೌಂಟ್ಸ್, ಹಾಗಾಗಿ ಬಿಲ್ಲುಗಳ ಫೈಲ್ ಇನ್ನೂ ಇದೆ. ಪ್ಯಾಕೇಜ್ 3.25 ಲಕ್ಷ. ಮೊದಲ ವರ್ಷ ಮುಗಿಯುವಾಗ ಒಟ್ಟು 4.4 ಲಕ್ಷ ದಾಟಿತ್ತು. ಮೋಸ ಏನೂ ಇಲ್ಲ. ಆ ಖರ್ಚುಗಳು ಪ್ಯಾಕೇಜಿನಲ್ಲಿ ಇರಲೇ ಇಲ್ಲ, ಅಷ್ಟೇ.

ಸರ್ಜರಿಗೆ ಮೊದಲು ರಕ್ತ ಪರೀಕ್ಷೆ, ಎಂಡೋಸ್ಕೋಪಿ, ಹೊಟ್ಟೆ ಸ್ಕ್ಯಾನ್, ಹೃದಯದ ಎಕೋ, ನಿದ್ರೆಯ ಪರೀಕ್ಷೆ. ಇದಕ್ಕೇ 21 ಸಾವಿರ. ನಿದ್ರೆಯಲ್ಲಿ ನನಗೆ ಉಸಿರು ಕಟ್ಟುತ್ತದೆ ಅಂತ ಅಲ್ಲೇ ಗೊತ್ತಾಗಿದ್ದು. ಸಿಪ್ಯಾಪ್ ಮೆಷಿನ್ (ನಿದ್ರೆಯಲ್ಲಿ ಮಾಸ್ಕಿನಿಂದ ಗಾಳಿ ಒತ್ತುವಂಥದ್ದು) ಹಾಕಿಕೊಂಡು ಕೆಲವು ವಾರ ಮಲಗದೆ ಅರಿವಳಿಕೆ ಕೊಡುವುದಿಲ್ಲ ಅಂದರು. ಅದಕ್ಕೆ 42 ಸಾವಿರ. ನೀವು ಗೊರಕೆ ಹೊಡೆಯುತ್ತೀರಾ? ನಮಗೆ ಗೊತ್ತಾಗುವುದಿಲ್ಲ, ಯಜಮಾನರನ್ನು ಕೇಳಿ.

ಆಮೇಲೆ ಸ್ಟೇಪ್ಲರ್. ಸ್ಲೀವ್ ಅಂದರೆ ಜಠರದ ಮುಕ್ಕಾಲು ಭಾಗವನ್ನು ಕತ್ತರಿಸುತ್ತಲೇ ಪಿನ್ ಹೊಡೆದು ತೆಗೆಯುವುದು. ಆ ಪಿನ್ನುಗಳ ಕಾರ್ಟ್ರಿಜ್ ಒಮ್ಮೆ ಮಾತ್ರ ಬಳಸುವಂಥದ್ದು. ನನ್ನ ಪ್ಯಾಕೇಜಿನಲ್ಲಿ ಐದು ಇದ್ದವು, ಆರನೆಯದು ಬೇಕಾಯ್ತು, ಅದಕ್ಕೆ ಬೇರೆ 9,500. ಬಿಪಿ ಇಳಿಯಲಿಲ್ಲ ಅಂತ ಒಂದು ದಿನ ಜಾಸ್ತಿ ಇಟ್ಟುಕೊಂಡರು, ಅದಕ್ಕೆ 8 ಸಾವಿರ. ಮನೆಗೆ ಬಂದ ಮೇಲೆ ರಕ್ತ ಹೆಪ್ಪುಗಟ್ಟದ ಇಂಜೆಕ್ಷನ್, ಪಿತ್ತಕೋಶದಲ್ಲಿ ಕಲ್ಲು ಆಗದಂತೆ ಮಾತ್ರೆ (ತೂಕ ಬೇಗ ಇಳಿದರೆ ಕಲ್ಲು ಕೂರುತ್ತದೆ), ಪ್ರೋಟೀನ್ ಪುಡಿ, ಬಿ12, ಕಬ್ಬಿಣ, ಕ್ಯಾಲ್ಸಿಯಂ, ಆಗಾಗ ರಕ್ತ ಪರೀಕ್ಷೆ. ವರ್ಷಕ್ಕೆ 36 ಸಾವಿರದ ಹತ್ತಿರ. ವಿಟಮಿನ್ ಮಾತ್ರೆಗಳು ಬದುಕಿರುವವರೆಗೂ ಬೇಕು, ಆರು ತಿಂಗಳ ಮಾತಲ್ಲ. ಟೈಲರ್‌ಗೆ ಕೊಟ್ಟ ದುಡ್ಡನ್ನು ಲೆಕ್ಕಕ್ಕೆ ಹಿಡಿದಿಲ್ಲ!

ಈಗ ಮುಖ್ಯ ವಿಷಯ. ಪಿನ್ ಹೊಡೆದ ಜಾಗ ಸೋರುವುದು ಅಪರೂಪ. ಆದರೆ ಸೋರಿದರೆ ವಾರಗಟ್ಟಲೆ ಆಸ್ಪತ್ರೆ, ಕೆಲವರಿಗೆ ಐಸಿಯು. ನನಗೆ ಕೊಟ್ಟ ಕಾಗದದಲ್ಲಿ ಅದು ಪ್ಯಾಕೇಜಿಗೆ ಸೇರಿಲ್ಲ ಅಂತ ಸಣ್ಣಕ್ಷರದಲ್ಲಿತ್ತು. ಇರುವ ದುಡ್ಡನ್ನೆಲ್ಲ ಸುರಿದು ಈ ಸರ್ಜರಿಗೆ ಹೋಗಬಾರದು, ಇದು ನನ್ನ ಖಚಿತ ಅಭಿಪ್ರಾಯ. ಒಂದು ಒಂದೂವರೆ ಲಕ್ಷ ಮುಟ್ಟದೆ ಪಕ್ಕಕ್ಕಿಡಿ. ಅದು ಆಗದಿದ್ದರೆ ಆರು ತಿಂಗಳು ತಡವಾದರೂ ಪರವಾಗಿಲ್ಲ.

90 ಸಾವಿರ ಉಳಿಯುತ್ತದೆ ಅನ್ನುವುದನ್ನು ಈಗಲೇ ನಂಬಬೇಡಿ. ಎರಡೂ ಕಡೆ ಬರಹದಲ್ಲಿ ಕೇಳಿ: ಯಾವ ವಾರ್ಡು, ಎಷ್ಟು ಕಾರ್ಟ್ರಿಜ್, ತಿಂಗಳೊಳಗೆ ಮತ್ತೆ ದಾಖಲಾದರೆ ಯಾರ ಖರ್ಚು. ಹುಬ್ಬಳ್ಳಿ ನಿಮಗೆ ಹತ್ತಿರ, ರಾತ್ರಿ ವಾಂತಿ ನಿಲ್ಲದಿದ್ದರೆ ಹತ್ತಿರ ಇರುವುದೇ ಒಳ್ಳೆಯದು. ಆದರೆ ಆ ಸರ್ಜನ್ ಈ ಕೇಸುಗಳನ್ನು ದಿನಾ ಮಾಡುತ್ತಾರಾ, ಯಾವಾಗಲೋ ಒಂದಾ ಅಂತ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಯಜಮಾನರದು ಅಂಗಡಿ ಅಂದಿರಿ, ದುಡ್ಡು ನಗದಾಗಿ ಇರಬಹುದು, ಅದಕ್ಕೆ ಹೇಳುತ್ತೇನೆ. ಒಂದು ಚಿಕಿತ್ಸೆಗೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ, ಆದಾಯ ತೆರಿಗೆ ಕಾನೂನು. ಕಂತು ಮಾಡಿ ಕೊಟ್ಟರೂ ಅಷ್ಟೇ. ಮೊದಲೇ ಬ್ಯಾಂಕಿಗೆ ಹಾಕಿಡಿ. ಶಾಲೆಯಲ್ಲಿ ಪಿಎಫ್ ಇದ್ದರೆ ಚಿಕಿತ್ಸೆಗೆ ಅಂತ ಮುಂಗಡ ತೆಗೆಯಬಹುದು. ಸರ ಅಡವಿಡುವ ಮೊದಲು ಅದನ್ನು ನೋಡಿ.

ಹಳೇಮನೆ_1968:
ತಂಗೀ, ಇದೆಲ್ಲ ಬೇಕಾ? 2022ರಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋದ ಕಿರುತೆರೆ ನಟಿ ತೀರಿಕೊಂಡಳಲ್ಲ, ಸಣ್ಣ ಹುಡುಗಿ. ಮಕ್ಕಳ ಮುಖ ನೋಡಿ.

ತುಮಕೂರು_ಲೆಕ್ಕ:
ಸರ್, ಅದು ಚರ್ಮದಡಿಯ ಕೊಬ್ಬು ತೆಗೆಯುವ ಕಾಸ್ಮೆಟಿಕ್ ಸರ್ಜರಿ. ಶುಗರ್‌ಗೂ ಅದಕ್ಕೂ ಸಂಬಂಧವಿಲ್ಲ. ಇದು ಜಠರದ ಸರ್ಜರಿ. ನಮ್ಮ ಮನೆಯಲ್ಲೂ ಇದೇ ಮಾತು ಬಂದಿತ್ತು. ಇದರಲ್ಲಿ ಅಪಾಯ ಇಲ್ಲ ಅಂತ ನಾನು ಹೇಳುತ್ತಿಲ್ಲ. 9.4 ಶುಗರ್ ಇಟ್ಟುಕೊಂಡು ಸುಮ್ನೆ ಕೂರುವುದರಲ್ಲೂ ಅಪಾಯ ಇದೆ.

ಪಾಲಿಸಿ_ಶಿವಮೊಗ್ಗ:
ನಾನು ವಿಮೆ ಏಜೆಂಟ್, ಆದ್ದರಿಂದ ನನ್ನ ಮಾತನ್ನು ಸ್ವಲ್ಪ ಉಪ್ಪು ಖಾರ ಕಳೆದು ಓದಿ. ಬೊಜ್ಜಿನ ಸರ್ಜರಿಗೆ ವಿಮೆ ಬರುವುದೇ ಇಲ್ಲ ಅನ್ನುವುದು ಹಳೆಯ ಮಾತು. ವಿಮೆ ಕಂಪನಿಗಳ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ತಂದ ನಿಯಮದಲ್ಲಿ ಬಿಎಂಐ 40 ಅಥವಾ ಜಾಸ್ತಿ ಇದ್ದರೆ, ಇಲ್ಲವೇ 35 ಅಥವಾ ಜಾಸ್ತಿ ಇದ್ದು ಜೊತೆಗೆ ಹತೋಟಿಗೆ ಬಾರದ ಟೈಪ್ 2 ಶುಗರ್, ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ರೆಯಲ್ಲಿ ಉಸಿರು ಕಟ್ಟುವುದು) ಇಂಥದ್ದಿದ್ದರೆ, ಬೇರೆ ಚಿಕಿತ್ಸೆ ಫಲಿಸದಿದ್ದಾಗ ಕೊಡಬಹುದು. ಅಕ್ಕ, ನಿಮ್ಮ ಅಂಕಿ ಅದಕ್ಕೆ ಹೊಂದುತ್ತದೆ. ಆದರೆ ಈಗ ಪಾಲಿಸಿ ತೆಗೆದರೆ ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೆ ಕಾಯಬೇಕಾಗಬಹುದು. ಶುಗರ್ ಮುಚ್ಚಿಟ್ಟು ಮಾಡಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಶಾಲೆಯ ಆಡಳಿತ ಮಂಡಳಿಯವರು ಗುಂಪು ವಿಮೆ ಮಾಡಿಸಿದ್ದಾರಾ ವಿಚಾರಿಸಿ. ಗುಂಪು ವಿಮೆಗಳಲ್ಲಿ ಎಷ್ಟೋ ಸಲ ಕಾಯುವ ಅವಧಿಯೇ ಇರುವುದಿಲ್ಲ.

ಶುಗರ್, ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಯಾರೂ ಹೇಳಲಿಲ್ಲ. ಅಂಥದ್ದೊಂದು ಮೌಂಜಾರೊ, 2025ರ ಮಾರ್ಚ್‌ನಲ್ಲಿ ಬಂದಾಗ 5 ಮಿಗ್ರಾಂ ವಯಲ್‌ಗೆ 4,375 ರೂಪಾಯಿ. ವಾರಕ್ಕೊಂದು ಅಂದರೆ ತಿಂಗಳಿಗೆ 17,500. ನಿಲ್ಲಿಸಿದರೆ ತೂಕ ಬಹುಪಾಲು ವಾಪಸ್ ಬರುತ್ತದೆ.

ದಾವಣಗೆರೆ_ಟೀಚರ್:
ಎಲ್ಲರಿಗೂ ಥ್ಯಾಂಕ್ಸ್. ಎರಡೂ ಕಡೆ ಫೋನ್ ಮಾಡಿದೆ. ಹುಬ್ಬಳ್ಳಿಯ 2.7ರಲ್ಲಿ ಕಾರ್ಟ್ರಿಜ್ ಸೇರಿಯೇ ಇಲ್ಲವಂತೆ, ಬಳಸಿದಷ್ಟಕ್ಕೆ ಬಿಲ್. ವಾರ್ಡು ಕೂಡ ಜನರಲ್. ಬೆಂಗಳೂರಿನವರದು ಟ್ವಿನ್ ಶೇರಿಂಗ್ (ಇಬ್ಬರಿಗೊಂದು ರೂಮು), ಆರು ಕಾರ್ಟ್ರಿಜ್ ಸೇರಿ. ಮತ್ತೆ ದಾಖಲಾದರೆ ಅದರ ಬಿಲ್ ಬೇರೆ ಅಂತ ಇಬ್ಬರೂ ಅಂದರು. ಶಾಲೆಯಲ್ಲಿ ಗುಂಪು ವಿಮೆ ಇಲ್ಲ. ಪಿಎಫ್ ಅರ್ಜಿ ಹಾಕುತ್ತಿದ್ದೇನೆ. ಸರ್ಜರಿ ಬೇಸಿಗೆ ರಜೆಗೆ ಮುಂದೂಡಿದ್ದೇವೆ, ಅಷ್ಟರಲ್ಲಿ ಪಕ್ಕಕ್ಕಿಡುವ ದುಡ್ಡೂ ಕೂಡಬಹುದು.

ಗೊರಕೆ ವಿಷಯ ಕೇಳಿದ್ದಕ್ಕೆ ಯಜಮಾನರು ಜೋರಾಗಿ ನಕ್ಕರು. ಸಿಪ್ಯಾಪ್ ಹಳೆಯದು ತಗೊಂಡರೆ ನಡೆಯುತ್ತದಾ ಸರ್?

ತುಮಕೂರು_ಲೆಕ್ಕ:
ಮೊದಲು ಪರೀಕ್ಷೆ ಆಗಲಿ ಮೇಡಂ, ಬೇಕೋ ಬೇಡವೋ ಡಾಕ್ಟರು ಹೇಳಲಿ. ಹಳೆಯದು ನಡೆಯುತ್ತದೆ. ಮಾಸ್ಕ್, ಪೈಪ್, ಫಿಲ್ಟರ್ ಮಾತ್ರ ಹೊಸದು ಹಾಕಿಸಿ, ಒತ್ತಡವನ್ನು ನಿಮ್ಮ ರಿಪೋರ್ಟ್ ನೋಡಿ ಅವರೇ ಸೆಟ್ ಮಾಡಬೇಕು. ಕೆಲವು ಕಡೆ ತಿಂಗಳ ಬಾಡಿಗೆಗೂ ಸಿಗುತ್ತದೆ. ನಿಮಗೆ ಅದೇ ಅಗ್ಗ ಬೀಳಬಹುದು.