ಲಿವರ್ ಕ್ಯಾನ್ಸರ್‌ಗೆ ವೈರಸ್ ಬಳಸಿ ಜೀನ್ ಬಾಯಿ ಮುಚ್ಚಿಸುವ ಚಿಕಿತ್ಸೆ: ಈಗ ಸಿಗುತ್ತಾ?

ಪ್ರಶ್ನೆ (ರಾಜಾಜಿನಗರ, ಬೆಂಗಳೂರು): ಮೇಡಂ, ಅಪ್ಪನಿಗೆ 61 ವರ್ಷ. ಹೆಪಟೈಟಿಸ್ ಬಿ ಇತ್ತು, ಈಗ ಲಿವರ್‌ನಲ್ಲಿ ಗಡ್ಡೆ. ಆಪರೇಷನ್ ಆಗಲ್ಲ, ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆ) ಕೊಡೋಣ ಅಂದಿದ್ದಾರೆ. ಅಷ್ಟರಲ್ಲಿ ಸಂಬಂಧಿಕರು ಒಂದು ವಿಡಿಯೋ ಕಳಿಸಿದರು. ವೈರಸ್ ಮೂಲಕ ಕ್ಯಾನ್ಸರ್ ಜೀನನ್ನೇ ಬಂದ್ ಮಾಡ್ತಾರಂತೆ. ಫೋನ್ ಮಾಡಿದರೆ ಲಕ್ಷಗಟ್ಟಲೆ ಮುಂಗಡ ಕೇಳ್ತಿದ್ದಾರೆ. ಸೈಟ್ ಮಾರೋಣ ಅಂತಾನೆ ಅಣ್ಣ. ಇದು ನಿಜಾನಾ?

ಉತ್ತರ (ಕ್ಯಾನ್ಸರ್ ವೈದ್ಯೆ): ಸೈಟ್ ಮಾರಬೇಡಿ, ಮುಂಗಡವೂ ಕೊಡಬೇಡಿ.

ವಿಜ್ಞಾನ ನಿಜ, ಆದರೆ ಲಿವರ್ ಕ್ಯಾನ್ಸರ್‌ಗೆ ಈ ಚಿಕಿತ್ಸೆ ಇನ್ನೂ ಸಿಗುವ ಹಂತಕ್ಕೆ ಬಂದಿಲ್ಲ. ಜೀನ್‌ನಿಂದ ಪ್ರೋಟೀನ್ ತಯಾರಾಗಬೇಕಾದರೆ ನಡುವೆ ಆರ್‌ಎನ್‌ಎ ಎಂಬ ಚೀಟಿ ಬೇಕು. ಅದಕ್ಕೆ ಹೊಂದುವ ಪುಟ್ಟ ಆರ್‌ಎನ್‌ಎ ತುಣುಕು ಜೀವಕೋಶದಲ್ಲಿದ್ದರೆ, ಕೋಶವೇ ಆ ಚೀಟಿಯನ್ನು ಕತ್ತರಿಸಿ ಹಾಕುತ್ತದೆ. 1998ರಲ್ಲಿ ಆಂಡ್ರೂ ಫೈರ್, ಕ್ರೇಗ್ ಮೆಲ್ಲೊ ಇದನ್ನು ಹುಳುಗಳಲ್ಲಿ ತೋರಿಸಿದರು, 2006ರಲ್ಲಿ ನೊಬೆಲ್ ಬಂತು. ಎಎವಿ8 ಎಂಬ ವೈರಸ್ ಲಿವರ್‌ಗೆ ಚೆನ್ನಾಗಿ ಸೇರುತ್ತದೆ. ಅದರ ಸ್ವಂತ ಜೀನ್‌ಗಳನ್ನು ತೆಗೆದು, ಈ ತುಣುಕು ತಯಾರಿಸುವ ಡಿಎನ್‌ಎ ತುಂಬಿ ಕಳಿಸುತ್ತಾರೆ. 2009ರಲ್ಲಿ ಇದೇ ವೈರಸ್ ಮೂಲಕ ಮಿರ್-26ಎ ಎಂಬ ಪುಟ್ಟ ಆರ್‌ಎನ್‌ಎ ಕೊಟ್ಟಾಗ ಇಲಿಗಳ ಲಿವರ್ ಗಡ್ಡೆ ಬೆಳೆಯುವುದು ಬಹಳ ಕಡಿಮೆಯಾಯಿತು. ಓದಿದವರಿಗೆ ಆಸೆ ಹುಟ್ಟುವುದು ಸಹಜ, ನನಗೂ ಹುಟ್ಟಿತ್ತು.

ಆದರೆ ಈ ವೈರಸ್ ತಂದ ಡಿಎನ್‌ಎ ಹೆಚ್ಚಾಗಿ ಕೋಶದ ಕ್ರೋಮೋಸೋಮ್‌ಗೆ ಸೇರುವುದಿಲ್ಲ. ಕ್ಯಾನ್ಸರ್ ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಾ ಹೋದ ಹಾಗೆ ಅದು ತೆಳುವಾಗಿ ಕಳೆದುಹೋಗುತ್ತದೆ. ವೈರಸ್ ಮುಟ್ಟದೆ ಉಳಿದ ಕೋಶಗಳಿಂದ ಗಡ್ಡೆ ಮತ್ತೆ ಬೆಳೆಯುತ್ತದೆ. ಡೋಸ್ ಏರಿಸೋಣ ಅಂದರೆ, 2006ರ ಒಂದು ಪ್ರಯೋಗದಲ್ಲಿ ಇಂಥ ತುಣುಕುಗಳು ಅತಿಯಾಗಿ ಇಲಿಗಳ ಲಿವರ್ ಕೆಟ್ಟು ಬಹಳಷ್ಟು ಸತ್ತವು. ನಿಮ್ಮ ಅಪ್ಪನ ಲಿವರ್ ಮೊದಲೇ ಸೋತಿದೆ, ಅಲ್ವಾ?

ವೈರಸ್ ಬಿಟ್ಟು ಇಂಥ ಪುಟ್ಟ ಆರ್‌ಎನ್‌ಎಯನ್ನು ಕೊಬ್ಬಿನ ಕಣದಲ್ಲಿ ತುಂಬಿ ಕೊಟ್ಟರೂ ಸುಲಭವಾಗಲಿಲ್ಲ. ಲಿವರ್ ಕ್ಯಾನ್ಸರ್ ರೋಗಿಗಳೂ ಇದ್ದ, ಎಂಆರ್‌ಎಕ್ಸ್34 ಎಂಬ ಇಂಥ ಔಷಧಿಯ ಪ್ರಯೋಗವನ್ನು, ರೋಗನಿರೋಧಕ ಶಕ್ತಿ ವಿಪರೀತವಾಗಿ ತಿರುಗಿಬಿದ್ದ ಕಾರಣಕ್ಕೆ 2016ರಲ್ಲಿ ನಿಲ್ಲಿಸಿದರು. 2018ರಲ್ಲಿ ಒಪ್ಪಿಗೆ ಪಡೆದ ಪಾಟಿಸಿರಾನ್ ಎಂಬ ಔಷಧಿ ಲಿವರ್‌ನಲ್ಲೇ ಜೀನ್ ತಡೆಯುತ್ತದೆ, ನಿಜ. ಅದು ಬೇರೆ ಕಾಯಿಲೆಗೆ.

ಪ್ರಶ್ನೆ: ಅವರು ಇದು ಟ್ರಯಲ್ ಅಂತಿದ್ದಾರೆ ಮೇಡಂ.

ಉತ್ತರ: ಹಾಗಾದರೆ ಸಿಟಿಆರ್‌ಐ (ಔಷಧಿ ಪ್ರಯೋಗಗಳನ್ನು ದಾಖಲಿಸುವ ಪಟ್ಟಿ) ನೋಂದಣಿ ಸಂಖ್ಯೆ, ಎಥಿಕ್ಸ್ ಕಮಿಟಿ (ಪ್ರಯೋಗ ರೋಗಿಗೆ ನ್ಯಾಯವೇ ಎಂದು ನೋಡುವ ಸಮಿತಿ) ಒಪ್ಪಿಗೆ ಪತ್ರ ಕೇಳಿ. ಸಿಟಿಆರ್‌ಐ ಸರ್ಕಾರದ್ದು, ಯಾರು ಬೇಕಾದರೂ ಹುಡುಕಬಹುದು. ಪ್ರಯೋಗದ ಔಷಧಿಗೆ ಮುಂಗಡ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಅನುಮಾನವಿದ್ದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ಪಡೆಯಿರಿ. ಇಮ್ಯುನೋಥೆರಪಿಯನ್ನು ಮಾತ್ರ ಮುಂದೂಡಬೇಡಿ. ಅಟೆಜೊಲಿಜುಮಾಬ್ ಎಂಬ ಇಮ್ಯುನೋಥೆರಪಿ ಔಷಧಿಯ ಜೊತೆ ಬೆವಾಸಿಜುಮಾಬ್ ಎಂಬ ಇನ್ನೊಂದು ಔಷಧಿ ಪಡೆದವರಲ್ಲಿ ಒಂದು ವರ್ಷಕ್ಕೆ ಸುಮಾರು 67% ಜನ ಬದುಕಿದ್ದರು, ಹಳೆಯ ಸೊರಾಫೆನಿಬ್ ಮಾತ್ರೆ ಪಡೆದವರಲ್ಲಿ ಸುಮಾರು 55%. ಬೆವಾಸಿಜುಮಾಬ್ ಕೊಡುವ ಮೊದಲು ಎಂಡೋಸ್ಕೋಪಿ ಆಗಿದೆಯಾ ಕೇಳಿ, ಅನ್ನನಾಳದ ರಕ್ತನಾಳ ಊದಿದ್ದರೆ ರಕ್ತ ಸೋರುವ ಭಯ ಇರುತ್ತದೆ. ಹೆಪಟೈಟಿಸ್ ಬಿ ಮಾತ್ರೆ ನಿಲ್ಲಿಸಬಾರದು. ನೀವೂ ಅಣ್ಣನೂ ಹೆಪಟೈಟಿಸ್ ಬಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ನೆಗೆಟಿವ್ ಬಂದು, ರಕ್ತದಲ್ಲಿ ರಕ್ಷಣೆ ಕಾಣದಿದ್ದರೆ ಲಸಿಕೆ ಹಾಕಿಸಿಕೊಳ್ಳಿ.