ಮೊದಲ ಕಾದಂಬರಿಯ ವಸ್ತುವನ್ನು ಬೆನ್ನುಡಿಯಲ್ಲಿ ಎಷ್ಟು ಹೇಳಬೇಕು?

ಪ್ರಶ್ನೆ: ಹೊಸ ಬರಹಗಾರ

ನನ್ನ ಮೊದಲ ಕಾದಂಬರಿ ಅಚ್ಚಿಗೆ ಹೋಗುವ ಹಂತದಲ್ಲಿದೆ. ಕರಾವಳಿಯ ಮಾಧ್ವ ವೈದಿಕ ಮನೆತನದಲ್ಲಿ ಹುಟ್ಟಿ, ಮಡಿ, ಸಂಧ್ಯಾವಂದನೆ, ಏಕಾದಶಿಯ ಉಪವಾಸ, ಮುದ್ರಾಧಾರಣೆಗಳ ನಡುವೆ ಬೆಳೆದ ತರುಣನೊಬ್ಬ, ತಾನು ಗಂಡಸರನ್ನೇ ಪ್ರೀತಿಸುವವನೆಂದು ಅರಿತು, ಕೊನೆಗೆ ಮನೆಯನ್ನೂ ಆಚಾರವನ್ನೂ ಬಿಟ್ಟು ಬೆಂಗಳೂರಿಗೆ ಬರುವುದು ಅದರ ವಸ್ತು. ಬಿಟ್ಟುಬಂದದ್ದನ್ನು ಅವನು ದ್ವೇಷಿಸುವುದಿಲ್ಲ. ತಂದೆ ಕಲಿಸಿದ ಸ್ತೋತ್ರಗಳು ಅವನ ನಾಲಗೆಯ ಮೇಲೆ ಹಾಗೆಯೇ ಉಳಿದಿವೆ.

ಬೆನ್ನುಡಿಯಲ್ಲಿ ‘ಸಂಪ್ರದಾಯ ಮತ್ತು ಆಧುನಿಕತೆಯ ಸಂಘರ್ಷ’ ಎಂದಷ್ಟೇ ಬರೆಯೋಣ, ಇಲ್ಲವಾದರೆ ಅಂಗಡಿಯವರು ಪ್ರತಿಗಳನ್ನು ಎದುರಿಗೆ ಇಡುವುದಿಲ್ಲ ಎಂದು ಪ್ರಕಾಶಕರು ಹೇಳುತ್ತಾರೆ. ಇದು ನಿನ್ನದೇ ಕಥೆಯೆಂದು ಹೇಳಿಕೋ, ಸಂದರ್ಶನಗಳು ತಾವಾಗಿ ಬರುತ್ತವೆ ಎಂದು ಗೆಳೆಯರು ಹೇಳುತ್ತಾರೆ. ನನ್ನ ತಂದೆತಾಯಿ ಈಗಲೂ ಅದೇ ಊರಿನಲ್ಲಿದ್ದಾರೆ. ಎರಡೂ ದಾರಿಗಳಿಗೆ ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ಸಲಹೆ ನೀಡಬೇಕೆಂದು ವಿನಂತಿ.

ಉತ್ತರ: ಪ್ರಕಾಶನವೊಂದರ ಸಂಪಾದಕಿ

ವಸ್ತುವನ್ನು ಮುಚ್ಚಿಡಬೇಡಿ, ನಿಮ್ಮ ಬದುಕನ್ನು ಮಾತ್ರ ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಇವೆರಡೂ ಒಂದೇ ಎಂದು ಭಾವಿಸಿರುವುದರಿಂದಲೇ ನಿಮಗೆ ಸಲಹೆ ನೀಡಿದವರಿಬ್ಬರೂ ತಪ್ಪುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಕನ್ನಡದ ಓದುಗರು ಇಂಥ ವಸ್ತುವಿಗೆ ಹೊಸಬರಲ್ಲ. ಸಲಿಂಗಪ್ರೇಮಿ ತರುಣನ ಬದುಕನ್ನು ಹೇಳುವ ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ ಪ್ರಕಟವಾದದ್ದು 2013ರಲ್ಲಿ. ದೆಹಲಿ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 377ನೇ ಕಲಮನ್ನು ಮತ್ತೆ ಊರ್ಜಿತಗೊಳಿಸಿದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ. ಅಂಥ ಕಾಲದಲ್ಲೂ ಆ ಕಥೆಗಳನ್ನು ಜನ ಕೊಂಡು ಓದಿದರು, ಚರ್ಚಿಸಿದರು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತ ನಂತರವೂ ನಾವು ‘ಸಂಘರ್ಷ’ದಂಥ ಮಸುಕು ಮಾತಿನ ಹಿಂದೆ ಅಡಗಿದರೆ, ಆ ಪುಸ್ತಕ ಯಾರಿಗೆ ನಿಜವಾಗಿ ಬೇಕೋ ಅವರ ಕೈಗೇ ಅದು ಸಿಗುವುದಿಲ್ಲ. ಇನ್ನು, ತಿಳಿಯದೆ ಕೊಂಡವರಲ್ಲಿ ಕೆಲವರು ಮೋಸಹೋದೆವೆಂದು ಸಿಟ್ಟಾಗುತ್ತಾರೆ. ಆ ಸಿಟ್ಟು ವಿಮರ್ಶೆಯಾಗಿ ಹೊರಬರುತ್ತದೆ.

ಬಿಡುಗಡೆಗೆ ಮೊದಲು ಒಂದು ಅಧ್ಯಾಯವನ್ನು ‘ಕೆಂಡಸಂಪಿಗೆ’ ಅಥವಾ ‘ಋತುಮಾನ’ದಂಥ ಜಾಲತಾಣಕ್ಕೆ, ಇನ್ನೊಂದನ್ನು ಯಾವುದಾದರೂ ದಿನಪತ್ರಿಕೆಯ ಭಾನುವಾರದ ಪುರವಣಿಗೆ ಕಳುಹಿಸಿ. ಮನೆಬಿಟ್ಟು ಹೊರಡುವ ಜಗಳದ ಅಧ್ಯಾಯವನ್ನು ಮಾತ್ರ ಆರಿಸಬೇಡಿ, ಏಕೆಂದರೆ ಸಂದರ್ಭವಿಲ್ಲದೆ ಓದಿದಾಗ ಅದು ಮತನಿಂದನೆಯಂತೆ ಕಾಣಿಸಬಹುದು. ಸ್ತೋತ್ರಗಳು ನಾಲಗೆಯ ಮೇಲೆ ಉಳಿದಿವೆ ಎಂದು ಬರೆದಿದ್ದೀರಲ್ಲ, ಆ ಭಾಗವನ್ನು ಕೊಡಿ. ಅದನ್ನು ಓದಿದವರಿಗೆ ಈ ಲೇಖಕನಿಗೆ ಆ ಮನೆಯ ಒಳಗು ಗೊತ್ತಿದೆ, ಅದರ ಮೇಲೆ ಪ್ರೀತಿಯೂ ಇದೆ ಎಂಬುದು ತಾನಾಗಿ ತಿಳಿಯುತ್ತದೆ.

ಸಾಧ್ಯವಾದರೆ ನವೆಂಬರಿನಲ್ಲಿ ಬಿಡುಗಡೆ ಮಾಡಿ. ರಾಜ್ಯೋತ್ಸವದ ತಿಂಗಳೆಂದು ಕನ್ನಡ ಪುಸ್ತಕಗಳಿಗೆ ರಿಯಾಯಿತಿ ಮಾರಾಟ ಇರುತ್ತದೆ. ಲೈಂಗಿಕ ಅಲ್ಪಸಂಖ್ಯಾತರು ನಡೆಸುವ ಬೆಂಗಳೂರಿನ ಪ್ರೈಡ್ ಮೆರವಣಿಗೆಯೂ ಸಾಮಾನ್ಯವಾಗಿ ಆ ತಿಂಗಳಲ್ಲೇ ನಡೆಯುತ್ತದೆ. ದೊಡ್ಡ ಸಭಾಂಗಣ, ಹಾರತುರಾಯಿ, ಐದಾರು ಅತಿಥಿಗಳ ಭಾಷಣ ಯಾವುದೂ ಬೇಡ. ಕಾದಂಬರಿಯನ್ನು ಪೂರ್ತಿ ಓದಿರುವ ಒಬ್ಬರು ನಿಮ್ಮೊಡನೆ ಮಾತನಾಡಲಿ. ‘ಇದು ನಿಮ್ಮ ಅನುಭವವೇ?’ ಎಂದು ವೇದಿಕೆಯ ಮೇಲೆ ಕೇಳಬಾರದೆಂದು ಅವರಿಗೆ ಮೊದಲೇ ತಿಳಿಸಿರಿ.

ಉತ್ತರ: ಒಬ್ಬ ಓದುಗ, ಉತ್ತರ ಕನ್ನಡ

ನಾನೂ ಇಂಥದೇ ಮನೆಯವನು, ಇನ್ನೂ ಮನೆಯಲ್ಲೇ ಇರುವವನು. ಅಂಚೆಯಲ್ಲಿ ಬಂದ ಪೊಟ್ಟಣವನ್ನು ನಮ್ಮಲ್ಲಿ ಮೊದಲು ತೆರೆಯುವವರು ಅಪ್ಪ. ಪೇಟೆಯ ಪುಸ್ತಕದ ಅಂಗಡಿಯವರು ನಮ್ಮ ಮನೆಯವರಿಗೆಲ್ಲ ಪರಿಚಿತರು. ಆದ್ದರಿಂದ ನನ್ನದು ಒಂದೇ ಕೋರಿಕೆ: ಮುದ್ರಿತ ಪ್ರತಿಯ ಜೊತೆಯಲ್ಲೇ ಇ-ಪುಸ್ತಕವನ್ನೂ, ಸಾಧ್ಯವಾದರೆ ಆಡಿಯೋ ಪುಸ್ತಕವನ್ನೂ ತನ್ನಿರಿ. ‘ಮೈಲ್ಯಾಂಗ್’ನಂಥ ಆ್ಯಪ್‌ಗಳಲ್ಲಿ ಕನ್ನಡದ ಪುಸ್ತಕಗಳನ್ನು ಫೋನಿನಲ್ಲೇ ಕೊಂಡು ಓದಬಹುದು, ಕೇಳಬಹುದು. ಆರು ತಿಂಗಳ ನಂತರ ಇ-ಪುಸ್ತಕ ಬಂದರೆ, ನನ್ನಂಥವರು ಆ ಆರು ತಿಂಗಳೂ ಬೇರೆಯವರು ಬರೆದ ಪರಿಚಯವನ್ನಷ್ಟೇ ಓದಬೇಕಾಗುತ್ತದೆ.

ಬೆನ್ನುಡಿಯ ವಿಷಯದಲ್ಲಿ ಸಂಪಾದಕಿಯವರ ಮಾತನ್ನು ಒಪ್ಪುತ್ತೇನೆ, ಆದರೆ ಮುಖಪುಟ ಎಲ್ಲವನ್ನೂ ದೂರದಿಂದಲೇ ಸಾರಬೇಕಾಗಿಲ್ಲ. ಕೈಗೆತ್ತಿಕೊಂಡು ಹಿಂಬದಿಯನ್ನು ಓದಿದವನಿಗೆ ಸ್ಪಷ್ಟವಾಗಿ ತಿಳಿದರೆ ಸಾಕು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೆ ತಿಳಿಯಬೇಕೆಂದಿಲ್ಲ.

ಉತ್ತರ: ಒಬ್ಬ ವಕೀಲರು

ಕಾನೂನಿನ ಬಗ್ಗೆ ಎರಡು ಮಾತು. ಹಳೆಯ ಭಾರತೀಯ ದಂಡ ಸಂಹಿತೆಯ 295ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಾಗಿದೆ. ಧಾರ್ಮಿಕ ಭಾವನೆಯನ್ನು ಕೆರಳಿಸುವ ಉದ್ದೇಶಪೂರ್ವಕ ಹಾಗೂ ದುರುದ್ದೇಶದ ಅವಮಾನಕ್ಕೆ ಮಾತ್ರ ಅದು ಅನ್ವಯಿಸುತ್ತದೆ. ಪಾತ್ರವೊಂದು ಆಚಾರವನ್ನು ಬಿಟ್ಟಿತೆಂದ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ಹಾಗಿದ್ದರೂ ದೂರು ಕೊಡಲು ಯಾರಿಗೂ ಅಡ್ಡಿಯಿಲ್ಲವಾದ್ದರಿಂದ, ನಿಜವಾದ ಮಠದ ಅಥವಾ ಯತಿಗಳ ಹೆಸರು ಕಾದಂಬರಿಯಲ್ಲಿಯೂ ಪ್ರಚಾರದ ಬರಹಗಳಲ್ಲಿಯೂ ಬಾರದಂತೆ ನೋಡಿಕೊಳ್ಳಿ. ಕಾವ್ಯನಾಮದಲ್ಲಿ ಪ್ರಕಟಿಸಲು ಕಾನೂನಿನ ತಡೆಯಿಲ್ಲ. ಪ್ರಕಾಶಕರೊಡನೆ ಒಪ್ಪಂದವನ್ನು ಮಾತ್ರ ನಿಜವಾದ ಹೆಸರಿನಲ್ಲೇ ಮಾಡಿಕೊಳ್ಳಿ.

ಹೊಸ ಬರಹಗಾರ

ಎಲ್ಲರಿಗೂ ಕೃತಜ್ಞತೆಗಳು. ಇ-ಪುಸ್ತಕವನ್ನು ಅದೇ ದಿನ ತರಬೇಕೆಂದು ಪ್ರಕಾಶಕರನ್ನು ಕೇಳುತ್ತೇನೆ. ಊರಿಗೆ ಹೋಗಿ, ಅಮ್ಮನಿಗೆ ವಿಷಯವನ್ನು ನಾನೇ ತಿಳಿಸಿದ ಮೇಲೆಯೇ ಬಿಡುಗಡೆಯ ದಿನವನ್ನು ಗೊತ್ತುಮಾಡುತ್ತೇನೆ. ಬೆನ್ನುಡಿಯ ಮೊದಲ ವಾಕ್ಯವನ್ನು ಹೀಗೆ ತಿದ್ದಿದ್ದೇನೆ: ‘ದೇವರ ಪೂಜೆಗೆ ಹೂ ಕೊಯ್ಯುತ್ತ ಬೆಳೆದವನೊಬ್ಬ ಇನ್ನೊಬ್ಬ ತರುಣನನ್ನು ಪ್ರೀತಿಸಿದ, ಅದನ್ನು ಹೇಳಿದ ದಿನ ಅವನಿಗೆ ಆ ಮನೆಯಲ್ಲಿ ಜಾಗವಿರಲಿಲ್ಲ.’ ಇದರಲ್ಲಿ ಹೆಚ್ಚು ಕಡಿಮೆಯಾಗಿದ್ದರೆ ದಯವಿಟ್ಟು ತಿಳಿಸಿ.