ಮೂರನೇ ಕ್ಲಾಸಿನ ಮಗಳಿಗೆ ಟ್ರಾಲಿ ಬ್ಯಾಗೋ, ಎದೆ ಬೆಲ್ಟಿನದೋ? ಅನುಭವ ಇದ್ದವರು ಹೇಳಿ

ಡೊಂಬಿವಲಿ ಅಮ್ಮ:
ಮಗಳ ತೂಕ 24 ಕೆಜಿ. ಮೊನ್ನೆ ಬ್ಯಾಗು ತೂಗಿದೆ, ನೀರಿನ ಬಾಟಲಿ ಸೇರಿ 4.3. ಸಂಜೆ ಬಂದವಳೇ ಭುಜ ಒತ್ತು ಅಂತಾಳೆ. ವ್ಯಾನು ಶಾಲೆ ಗೇಟಿನವರೆಗೆ ಹೋಗುತ್ತೆ, ಕ್ಲಾಸು ಮೂರನೇ ಮಹಡಿ, ಮಕ್ಕಳಿಗೆ ಲಿಫ್ಟಿಲ್ಲ. ಟ್ರಾಲಿ ತಗೊಳ್ಳಲೋ, ಈಗ ಬರ್ತಿರೋ ಎದೆ ಬೆಲ್ಟಿನ ಬ್ಯಾಗೋ? ಬಜೆಟ್ಟು 1,500.

ಮುಲುಂಡ್ ಈಸ್ಟ್:
ಟ್ರಾಲಿ ಮಾತ್ರ ಬೇಡ ಮೇಡಂ. ನಾದಿನಿ ಹಟ ಹಿಡಿದು ಕೊಡಿಸಿದ್ದು, 2,400 ರೂಪಾಯಿ, ಅದೂ ಸೇಲ್‌ನಲ್ಲಿ. ಖಾಲಿ ಬ್ಯಾಗೇ 1.9 ಕೆಜಿ! ನಮ್ಮ ಫುಟ್‌ಪಾತಿನ ಪೇವರ್ ಬ್ಲಾಕ್ ಸಂದಿಯಲ್ಲಿ ಚಕ್ರ ಸಿಕ್ಕಿಕೊಂಡು ಜುಲೈಯಲ್ಲೇ ಒಂದು ಕಿತ್ತು ಬಂತು. ಜೋಡಿ ಚಕ್ರಕ್ಕೆ 350, ಕೂರಿಸೋದಕ್ಕೆ ಮತ್ತೆ 100. ಮಳೆನೀರು ಹೋಗಿ ಬೇರಿಂಗ್ ತುಕ್ಕು, ಎಳೆದರೆ ಇಡೀ ಸೊಸೈಟಿಗೆ ಕೇಳಿಸೋ ಕಿರಿಕಿರಿ. ಆಮೇಲೆ ಹಿಡಿಕೆ ಅರ್ಧಕ್ಕೆ ನಿಂತುಬಿಡ್ತು, ಮೇಲೂ ಇಲ್ಲ ಕೆಳಗೂ ಇಲ್ಲ. ರಿಪೇರಿಗೆ 400 ಅಂದ. ಕೊಡಲಿಲ್ಲ. ಚಕ್ರ ಕೆಸರು ಮೆತ್ತಿಕೊಂಡು ಬಂದು ಕ್ಲಾಸೆಲ್ಲ ರಾಡಿ ಅಂತ ಟೀಚರ್ ಡೈರಿಯಲ್ಲಿ ಬರೆದದ್ದು ಬೇರೆ.

ಠಾಣೆ ಶೆಟ್ರು:
ಮಾರಾಯ್ರೆ, ನೀವು ಡಬ್ಬಾ ಮಾಲು ತಗೊಂಡು ಟ್ರಾಲಿಯನ್ನೇ ಬೈದರೆ ಹೇಗೆ? ನನ್ನ ಮಗಳದ್ದು ನಾಲ್ಕನೇ ವರ್ಷ ಓಡ್ತಾ ಉಂಟು. ಚಕ್ರದ ಫ್ರೇಮು ಬೇರೆ, ಬ್ಯಾಗು ಬೇರೆ ತೆಗೆಯುವ ನಮೂನೆಯದ್ದು. ಮೆಟ್ಟಿಲು ಬಂದರೆ ಫ್ರೇಮು ವಾಚ್‌ಮನ್ ಹತ್ರ ಬಿಟ್ಟು ಬೆನ್ನಿಗೆ ಹಾಕುವುದು. 2,900 ಕೊಟ್ಟಿದ್ದೇನೆ, ಒಂದು ಪೈಸೆ ಲಾಸಿಲ್ಲ. ವಸ್ತು ನೋಡಿ ತಗೊಳ್ಳುವ ಕಣ್ಣು ಬೇಕು.

ಮುಲುಂಡ್ ಈಸ್ಟ್:
ವಾಚ್‌ಮನ್ ಟ್ರಾಲಿ ಕಾಯೋ ಶಾಲೆಯ ಫೀಸು ಎಷ್ಟು ಅಂತಲೂ ಹೇಳಿಬಿಡಿ ಶೆಟ್ರೆ. 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿಯಲ್ಲೇ ಇದೆ, ಚಕ್ರದ ಬ್ಯಾಗು ಬೇಡ, ಮೆಟ್ಟಿಲು ಹತ್ತುವಾಗ ಮಕ್ಕಳಿಗೆ ಪೆಟ್ಟಾಗಬಹುದು ಅಂತ. ಕಣ್ಣಿದ್ದವರು ಅದನ್ನೂ ಓದಬಹುದು.

ಧಾರವಾಡದಾಕಿ, ಪುಣೆ:
ಅಕ್ಕಾರ, ಇವರ ಜಗಳ ಬಿಡ್ರಿ. ನಾವು ಕೋಥ್ರೂಡ್ ಕಡೆ ಇರ್ತೀವಿ, ಮಗ ಐದನೇತ್ತ. 'ಆರ್ಥೋಪೆಡಿಕ್' ಅಂತ ಚೀಟಿ ಹಚ್ಚಿದ್ದು ತಗೊಂಡ್ವಿ, 3,200. ಬೆನ್ನಿಗೆ ಗಾಳಿ ಆಡೋ ಜಾಳಿಗಿ, ಭುಜಕ್ಕ ಬಾಗಿದ ದಪ್ಪ ಪಟ್ಟಿ, ಎದಿಗೊಂದು ಬೆಲ್ಟು, ನಡಕ್ಕೊಂದು ಬೆಲ್ಟು. ನಡದ ಬೆಲ್ಟು ಒಂದಿನಾನೂ ಹಾಕ್ಕೊಂಡಿಲ್ಲ, ಹುಡುಗ್ರು ನಗ್ತಾರಂತ. ಖಾನೆ ನೋಡಿದ್ರ ಆರು! ಹಿಂದಕ ಒಂದ ಖಾನೆ ಇದ್ದಾಗ ಎರಡು ಪುಸ್ತಕ ಹಿಡೀತಿದ್ದು, ಈಗ ಬಣ್ಣದ ಡಬ್ಬಿ, ಕ್ರಿಕೆಟ್ ಬಾಲು, ಹೋದ ವಾರದ ಚಪಾತಿ, ಎಲ್ಲಾ ಅದರಾಗ. ಮೊದಲ ಮಳಿಗೆ ಫೋಮು ನೀರು ಕುಡದು ಫ್ಯಾನಿನ ಕೆಳಗ ಇಟ್ಟರೂ ಒಣಗಲಿಲ್ಲ, ವಾಸನಿ ಹೋಗಲಿಲ್ಲ. ರೇನ್ ಕವರ್ 250. ಭುಜದ ಹೊಲಿಗಿ ಬಿಚ್ತು, ರವಿವಾರ ಪೇಠದಾಗ ಒಬ್ಬಾತ 120 ತಗೊಂಡ. ಜಿಪ್ಪಿನ ರನ್ನರ್ ಎರಡು, 60. ಬಕಲ್ ಒಡೀತು, 40. ಕಂಪನಿಗೆ ಫೋನ್ ಮಾಡಿದ್ರ ಹೊಲಿಗಿಗೆ ವಾರಂಟಿ ಇಲ್ಲಂತ! ಹೊಲಿಗಿ ಬಿಟ್ರ ಬ್ಯಾಗಿನಾಗ ಇನ್ನೇನೈತ್ರಿ?

ಆದ್ರ ಎದಿ ಬೆಲ್ಟಿಗೆ ನಾ ಕೆಟ್ಟದ್ದು ಅನ್ನೂದಿಲ್ಲ. ಪಟ್ಟಿ ಜಾರೂದಿಲ್ಲ, ಓಡಿದ್ರ ಬ್ಯಾಗು ಕುಣಿಯೂದಿಲ್ಲ. ಭಾರದ ಪುಸ್ತಕ ಬೆನ್ನಿಗೆ ಹತ್ತಿ ಇಡಬೇಕು, ಬಾಟಲಿ ಮುಂದಿನ ಖಾನೆದಾಗ ಇಟ್ರ ಹಿಂದಕ್ಕ ಎಳೀತೈತಿ.

ಮಾಟುಂಗದ ಹಿರಿಯ:
ನಾವು ವಡಾಲಾದ ಕನ್ನಡ ಶಾಲೆಗೆ ಅಲ್ಯೂಮಿನಿಯಂ ಪೆಟ್ಟಿಗೆ ಹಿಡಿದು ಹೋದವರು. ಸೀಟು ಸಿಗದಿದ್ದರೆ ಅದರ ಮೇಲೇ ಕೂತು ಪ್ರಯಾಣ. ಯಾರಿಗೂ ಬೆನ್ನು ನೋಯಲಿಲ್ಲ. ಆಮೇಲೆ ಖಾಕಿ ಕ್ಯಾನ್ವಾಸಿನ ಒಂಟಿ ಪಟ್ಟಿಯ ಚೀಲ, ತಮ್ಮನಿಗೆ ರೆಕ್ಸಿನ್ನು, ಮಗನಿಗೆ ನೈಲಾನು. ಮೈಸೂರಿನ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ತಮ್ಮ ಮೊದಲ ಭಾಷಣದಲ್ಲೇ ಮಕ್ಕಳ ಬ್ಯಾಗಿನ ಹೊರೆಯ ಮಾತು ಎತ್ತಿದರು. ಓದಿನ ಹೊರೆ ಇಳಿಸಲು ಕೇಂದ್ರ ನೇಮಿಸಿದ ಯಶಪಾಲ್ ಸಮಿತಿ ವರದಿ ಬಂದದ್ದು 1993ರಲ್ಲಿ. ಈಗ ಬೆಲ್ಟಿನ ಚರ್ಚೆ ಮಾಡುತ್ತಿದ್ದೀರಿ. ಒಳಗಿನದು ಕಡಿಮೆ ಮಾಡಿ.

ವಾಸ್ಕೋ ಬಸು:
ಅಜ್ಜಾ, ಪೆಟ್ಟಿಗಿ ಒಂದ ಕೈಯಾಗ ಹಿಡಿದ್ರ ಒಂದ ಕಡೆ ವಾಲ್ತಾರು. ನಮ್ಮಪ್ಪಗ ಈಗ್ಲೂ ಎಡಭುಜ ಕೆಳಗೈತಿ. 'ಯಾರಿಗೂ ನೋಯಲಿಲ್ಲ' ಅಲ್ಲ, ನೊಂದ್ರೂ ಯಾರಿಗೂ ಹೇಳಲಿಲ್ಲ. ಈಗಿನ ಭಾರಕ್ಕ ಮಕ್ಕಳ ಬೆನ್ನು ಕಾಯಂ ಸೊಟ್ಟ ಆಗ್ತೈತಿ, ನೋಡಕೋತ ಇರ್ರಿ.

ಮುಲುಂಡ್ ಈಸ್ಟ್:
ಸುಮ್ಮನೆ ಹೆದರಿಸಬೇಡಿ. ನಾವು ಡಾಕ್ಟರಿಗೆ 800 ಫೀಸು ಕೊಟ್ಟು ಕೇಳಿ ಬಂದಿದ್ದೇವೆ. ಬ್ಯಾಗಿನಿಂದ ಬೆನ್ನೆಲುಬು ಪಕ್ಕಕ್ಕೆ ಬಾಗಿಹೋಗಲ್ಲ, ನೋವು ಬರುತ್ತೆ, ಕತ್ತು ಮುಂದೆ ಬಾಗಿಸಿ ನಡೀತಾರೆ, ಅಷ್ಟೇ.

ವಾಸ್ಕೋ ಬಸು:
'ಅಷ್ಟೇ'?! ನಿಮ್ಮ ಭುಜಾನ ಅದು?

ಘಾಟ್‌ಕೋಪರ್ ಟೀಚರ್:
ನೀತಿಯ ಪ್ರಕಾರ ಮೂರರಿಂದ ಐದನೇ ಕ್ಲಾಸಿಗೆ 1.7ರಿಂದ 2.5 ಕೆಜಿ. ಬ್ಯಾಗು ಮೈತೂಕದ ಹತ್ತನೇ ಒಂದು ಭಾಗ ದಾಟಬಾರದು ಅಂತ ಮಹಾರಾಷ್ಟ್ರ 2015ರಲ್ಲೇ ಆದೇಶ ಹೊರಡಿಸಿದೆ. 2023ರಲ್ಲಿ ನಮ್ಮ ರಾಜ್ಯ ಬೋರ್ಡಿನ ಪಠ್ಯಪುಸ್ತಕ ಮಾಡುವ ಬಾಲಭಾರತಿ ಎಲ್ಲ ವಿಷಯ ಸೇರಿಸಿ ನಾಲ್ಕು ಭಾಗ ಮಾಡಿ, ಪುಸ್ತಕದೊಳಗೇ ಖಾಲಿ ಹಾಳೆ ಕೊಟ್ಟಿತು. ನಮ್ಮ ಮಕ್ಕಳು ಒಂದೇ ಭಾಗ ತಂದರು. ನಿಮ್ಮ ದೊಡ್ಡ ಬೋರ್ಡಿನ ಶಾಲೆಗಳಲ್ಲೇ ಒಂದು ವಿಷಯಕ್ಕೆ ಮೂರು ನೋಟ್‌ಬುಕ್ಕು.

ಠಾಣೆ ಶೆಟ್ರು:
ಟೀಚರೇ, ಆ ಖಾಲಿ ಹಾಳೆಯಲ್ಲಿ ಬರೆಸಿದವರು ಎಷ್ಟು ಮಂದಿ? ನನ್ನ ಅಕ್ಕನ ಮಗ ನಿಮ್ಮ ಬೋರ್ಡೇ. ಪುಸ್ತಕದೊಟ್ಟಿಗೆ ನೋಟ್‌ಬುಕ್ಕೂ ಹೊತ್ತಿದ್ದಾನೆ.

ಘಾಟ್‌ಕೋಪರ್ ಟೀಚರ್:
ನೋಟ್‌ಬುಕ್ ತರಿಸದಿದ್ದರೆ 'ಏನೂ ಬರೆಸಲ್ಲ' ಅಂತ ಗ್ರೂಪಿನಲ್ಲಿ ಕೂಗುವವರು ನಿಮ್ಮಂಥ ಪೋಷಕರೇ.

ಡೊಂಬಿವಲಿ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಆದ್ರೆ 1,500ರೊಳಗೆ ಯಾವುದು ಅಂತ ಯಾರೂ ಹೇಳಲಿಲ್ಲ.

ಮುಲುಂಡ್ ಈಸ್ಟ್:
ಎರಡೇ ಖಾನೆ, ಅಗಲದ ಪಟ್ಟಿ, ಖಾಲಿ ತೂಕ 600 ಗ್ರಾಂ ದಾಟದ್ದು. ಅಂಗಡಿಯಲ್ಲೇ ತೂಗಿಸಿ. ಬುಡ ಸೊಂಟಕ್ಕಿಂತ ತೀರಾ ಕೆಳಗೆ ಜೋಲಬಾರದು. ಎದೆ ಬೆಲ್ಟು ಇಲ್ಲದಿದ್ದರೆ ಧಾರಾವಿಯಲ್ಲಿ 80 ರೂಪಾಯಿಗೆ ಹಾಕಿಸಿಕೊಳ್ಳಿ, ನಾನು ಹಾಕಿಸಿದ್ದೇನೆ.

ಧಾರವಾಡದಾಕಿ, ಪುಣೆ:
80ಕ್ಕ ಹಾಕ್ಯಾನ? ಬಕಲ್ ಸೇರಿ? ಇಲ್ಲಿ ಅದಕ್ಕ 150 ಕೇಳ್ತಾರ್ರೀ!

ಠಾಣೆ ಶೆಟ್ರು:
ಬಕಲ್ ಸೇರಿ 80ಕ್ಕೆ ಯಾರೂ ಹಾಕುವುದಿಲ್ಲ. ಸುಮ್ಮನೆ ಬುರುಡೆ ಬಿಡುವುದು.

ಮುಲುಂಡ್ ಈಸ್ಟ್:
ಭಾನುವಾರ ಬನ್ನಿ ಶೆಟ್ರೆ, ಕರಕೊಂಡು ಹೋಗಿ ತೋರಿಸ್ತೇನೆ. ನಿಮ್ಮ ಫ್ರೇಮೂ ತನ್ನಿ.